ಹೆಸರಿಲ್ಲದ ಚುಕ್ಕೆ

"ಬುದ್ಧಿ, ಏನೆಂದು ಯಾರಿಗೂ ಗೊತ್ತಿಲ್ಲದ ದೋಷಕ್ಕೆ ಹೆದರಿ ಒಂದು ಜೀವವನ್ನು ಬೇಡವೆನ್ನಬಹುದೇ?" ಎಂದು ಗೌರಾಂಬೆ ಮಠದ ಗುರುಗಳನ್ನು ಕೇಳಿದಳು.

ಗುರುಗಳಿಗೆ ಅವಳ ಕತೆ ಗೊತ್ತಿತ್ತು. ಅವಳ ಮೊದಲ ಮಗು ಹದಿನಾಲ್ಕು ತಿಂಗಳಿಗೆ ತೀರಿಕೊಂಡಿತ್ತು. ತಂದೆತಾಯಿಯಿಂದಲೇ ಇಳಿದು ಬಂದ ರೋಗ. ಆಮೇಲೆ ವೈದ್ಯರು ಅವಳ ಅಂಡಗಳನ್ನು ಹೊರಗೆ ತೆಗೆದು, ಆರು ಭ್ರೂಣ ಬೆಳೆಸಿ, ಒಂದೊಂದನ್ನೂ ಪರೀಕ್ಷಿಸಿದರು. ಮೂರರಲ್ಲಿ ಅದೇ ರೋಗವಿತ್ತು. ಎರಡು ಬೆಳೆಯದೆ ನಿಂತವು. ಉಳಿದ ಒಂದರಲ್ಲಿ ಆ ರೋಗವಿಲ್ಲ. ಆದರೆ ವರದಿಯಲ್ಲಿ ಇನ್ನೊಂದು ಸಾಲಿತ್ತು: ಬೇರೊಂದು ವ್ಯತ್ಯಾಸ ಕಂಡಿದೆ, ಅದರಿಂದ ಏನಾಗುವುದೆಂದು ಹೇಳಲಾಗದು. ಗರ್ಭದಲ್ಲಿ ಇಡುವುದೋ ಬಿಡುವುದೋ ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಅವಳಿಗೆ ನಲವತ್ತೊಂದು ವರ್ಷ. ಇನ್ನೊಂದು ಸಲ ಅಂಡ ಸಿಗುವ ಭರವಸೆಯಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ಮೊಟ್ಟೆಗಾರನಿದ್ದ. ರೇಷ್ಮೆ ಹುಳುವಿನ ಮೊಟ್ಟೆ ಇಡಿಸಿ ಬೆಳೆಗಾರರಿಗೆ ಕೊಡುವುದು ಅವನ ಕಸುಬು. ತಾಯಿ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟ ಮೇಲೆ ಅವನು ಆ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಗಂಟುರೋಗ ಕಂಡರೆ ಆ ತಾಯಿಯ ಮೊಟ್ಟೆಯೆಲ್ಲ ಒಲೆಗೆ ಹೋಗುತ್ತಿತ್ತು. ಆ ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ಒಂದು ಹಾಳೆಯಿಂದ ಊರಿನ ಹುಳುವೆಲ್ಲ ಸಾಯುತ್ತದೆ. ಅವನು ಸುಟ್ಟದ್ದು ಸರಿ. ಅದನ್ನು ತಪ್ಪೆನ್ನುವವನು ಹುಳು ಸಾಕಿದವನಲ್ಲ.

ಒಂದು ವರ್ಷ ಒಬ್ಬ ಬೆಳೆಗಾರನ ಹುಳುಗಳು ಸತ್ತವು. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹುಳು ತಿನ್ನುವ ಸೊಪ್ಪಿನ ಮೇಲೆ ಕೂತಿತ್ತು. ಆದರೂ ಅವನು ಮೊಟ್ಟೆಗಾರನ ಅಂಗಳಕ್ಕೇ ಬಂದು ಕೂಗಿದ: "ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತೀನಿ ಅಂತಿದ್ದೆಯಲ್ಲಯ್ಯ, ಇದೇನಾ ನೋಡಿದ್ದು? ಎಣ್ಣೆ ಜಾಸ್ತಿಯಾಗಿ ಕಣ್ಣು ಮುಚ್ಚಿಹೋಗಿತ್ತೋ?"

ಹತ್ತು ಜನ ನಕ್ಕರು. ಅಂದಿನಿಂದ ಮೊಟ್ಟೆಗಾರನ ಎದೆಯಲ್ಲಿ ಹೆದರಿಕೆ ಮನೆ ಮಾಡಿತು.

ಹೆದರಿದವನ ಬಾಗಿಲಿಗೆ ವ್ಯಾಪಾರಿ ತಾನಾಗಿ ಬರುತ್ತಾನೆ. ಇವನ ಬಾಗಿಲಿಗೂ ಬಂದ, ಹೊಸ ಸೂಕ್ಷ್ಮದರ್ಶಕ ಹೊತ್ತುಕೊಂಡು.

"ಇದರಲ್ಲಿ ಹತ್ತು ಪಟ್ಟು ಕಾಣುತ್ತದೆ, ಯಜಮಾನರೇ."

"ಕಂಡದ್ದು ಕೇಡೋ ಅಲ್ಲವೋ, ಅದನ್ನೂ ಹೇಳುತ್ತದೆಯೇ?"

"ಕಾಣಿಸುವುದು ನನ್ನ ಕೆಲಸ. ಹೆದರುವುದು ನಿಮ್ಮ ಕೆಲಸ" ಎಂದು ವ್ಯಾಪಾರಿ ನಕ್ಕ.

ಮೊಟ್ಟೆಗಾರ ಅದನ್ನು ಕೊಂಡ. ಮೊದಲ ಚಿಟ್ಟೆಯಲ್ಲೇ ಒಂದು ಚುಕ್ಕೆ ಕಂಡಿತು. ಗಂಟುರೋಗವಲ್ಲ. ಅವನು ಬಲ್ಲ ಯಾವ ರೋಗವೂ ಅಲ್ಲ. ಬರೀ ಚುಕ್ಕೆ. ಏನಿದ್ದರೂ ಇರಲಿ ಎಂದು ಸುಟ್ಟ. ಎರಡನೆಯದರಲ್ಲೂ ಇತ್ತು, ಅದನ್ನೂ ಸುಟ್ಟ. ಆಮೇಲೆ ಅವನಿಗೆ ಅನ್ನದ ಅಗುಳಿನಲ್ಲಿ ಚುಕ್ಕೆ ಕಾಣತೊಡಗಿತು. ತಲೆ ಬಾಚಿಸಿಕೊಳ್ಳಲು ಬಂದು ಕೂತ ಮಗಳ ಕತ್ತಿನಲ್ಲಿ ಕಂಡಿತು. ಅವನು ಬಾಚಣಿಗೆ ಕೆಳಗಿಟ್ಟು ಎದ್ದುಹೋದ.

ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬಂತು. ಬೆಳೆಗಾರರು ಬಂದರು. ನಾಳೆ ಎಂದ. ಮರುದಿನವೂ ನಾಳೆ ಎಂದ. ದಿನವೂ ನೋಡಿದ, ದಿನವೂ ಸುಟ್ಟ. ಕೊನೆಗೆ ಒಂದೇ ಹಾಳೆ ಉಳಿಯಿತು. ಅದರ ಮೊಟ್ಟೆಗಳೊಳಗೆ ಹುಳುವಿನ ಕಪ್ಪು ತಲೆ ಮೂಡಿಯಾಗಿತ್ತು. ಒಂದೆರಡು ದಿನದಲ್ಲಿ ಒಡೆಯುವ ಮೊಟ್ಟೆಗಳು.

ಒಬ್ಬ ಬೆಳೆಗಾರ್ತಿ ಬಂದು ಬಾಗಿಲಲ್ಲಿ ನಿಂತಳು. "ಅಣ್ಣಾ, ಸೊಪ್ಪು ಬಲಿತು ಹೋಗ್ತಾ ಇದೆ. ಆ ಹಾಳೆ ಕೊಡು."

"ಚುಕ್ಕೆ ಇದೆಯಮ್ಮಾ."

"ಯಾವ ರೋಗದ್ದು?"

"ಗೊತ್ತಿಲ್ಲ."

"ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಾಕೋಳು ನಾನು ತಾನೇ? ಸೊರಗಿದ ಹುಳಕ್ಕೆ ಎಳೆ ಸೊಪ್ಪು ಹುಡುಕಿ ಹಾಕ್ತೀನಿ. ಕೊಡು."

ಮೊಟ್ಟೆಗಾರ ಹಾಳೆಯನ್ನು ಎತ್ತಿದ. ಅವಳು ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಅವನಿಗೆ ಅಂಗಳ ನೆನಪಾಯಿತು, ನಕ್ಕ ಹತ್ತು ಜನ ನೆನಪಾದರು. ನಾಳೆ ಇವಳ ಹುಳು ಸತ್ತರೆ? ನೋಡಿಯೂ ಕೊಟ್ಟ ಎಂದರೆ? ಕೈ ಒಲೆಯ ಕಡೆ ತಿರುಗಿತು. ಹಾಳೆ ಹೊತ್ತಿಕೊಂಡಿತು. ಮೊಟ್ಟೆಗಳು ಚಿಟಪಟ ಸಿಡಿದವು. ಬೆಳೆಗಾರ್ತಿಯ ಕೈ ಚಾಚಿದಂತೆಯೇ ಇತ್ತು.

ಆ ವರ್ಷ ಆ ಊರಿನಲ್ಲಿ ಒಂದು ಹುಳುವೂ ರೋಗದಿಂದ ಸಾಯಲಿಲ್ಲ. ಸಾಯಲು ಹುಳುವೇ ಇರಲಿಲ್ಲ. ಸೊಪ್ಪನ್ನೆಲ್ಲ ಮೇಕೆಗಳು ಮೇಯ್ದವು. ಹೆದರಿಕೆ ಮಾರಿದ ವ್ಯಾಪಾರಿ ಅಷ್ಟು ಹೊತ್ತಿಗೆ ಇನ್ನೊಂದು ಊರಿನಲ್ಲಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗೌರಾಂಬೆ ಹೇಳಿದಳು:

"ನಾನು ಕೊಡುವವಳೂ ಹೌದು, ಸಾಕುವವಳೂ ಹೌದು, ಬುದ್ಧಿ. ಇದನ್ನು ಉಳಿಸಿಕೊಂಡು, ಹುಟ್ಟಿದ ಮಗುವಿಗೆ ಏನಾದರೂ ಆಯಿತು ಅನ್ನಿ. ಗೊತ್ತಿದ್ದೂ ಹೆತ್ತಳು ಅಂತಾರೆ. ಒಂದನ್ನು ಮಣ್ಣಿಗಿಟ್ಟರೂ ಬುದ್ಧಿ ಬರಲಿಲ್ಲ ಅಂತಾರೆ. ನಮ್ಮತ್ತೆ ಈಗಾಗಲೇ ಅಂದಾಯಿತು."

ಗುರುಗಳು ಒಂದೇ ಮಾತು ಕೇಳಿದರು.

"ಅವರಿವರು ಅನ್ನುವುದನ್ನು ತೆಗೆದುಹಾಕಿ ಹೇಳು ತಾಯಿ, ಆ ಜೀವದಲ್ಲಿ ನೀನು ಕಂಡ ದೋಷ ಯಾವುದು?"