ಪರಪ್ಪಯ್ಯನ ಮನೆಗೆ ಅರ್ಧ ದೀಪ

"ಸುಳ್ಳು ಹೇಳದೆ ಮನೆ ಪರೀಕ್ಷಿಸುವವರೊಬ್ಬರನ್ನು ಎಂಟು ದಿನದೊಳಗೆ ಹುಡುಕಿ ತಾ. ಇಲ್ಲದಿದ್ದರೆ ಅರಮನೆಯ ಅಡುಗೆಮನೆಗೆ ಸೌದೆ ಒಡೆಯೋ ಕೆಲಸ ನಿನ್ನದೇ, ಬದುಕಿರೋವರೆಗೂ" ಅಂದ ಕರಿಗಲ್ಲು ಸೀಮೆಯ ದೊರೆ ಜಂಪಣ್ಣ ನಾಯಕ.

ಅಪ್ಪಣೆಯಾದದ್ದು ಆಸ್ಥಾನದ ಜಾಣ ಪರಪ್ಪಯ್ಯನಿಗೆ. ಪಾಪ, ಹುಟ್ಟಿದಾಗಿನಿಂದ ಕೊಡಲಿ ಮುಟ್ಟಿದವನಲ್ಲ. ಅವನಿಗಿದ್ದ ಆಯುಧ ನಾಲಿಗೆ ಒಂದೇ, ಅದೂ ಹೆಂಡತಿಯ ಮುಂದೆ ಮೊಂಡಾಗುತ್ತಿತ್ತು.

ಆದದ್ದು ಇಷ್ಟು. ಸೌದೆಗೆಂದು ಕಡಿದೂ ಕಡಿದೂ ಕರಿಗಲ್ಲಿನ ಗುಡ್ಡ ಬೋಳಾಗುತ್ತಿತ್ತು. ದೊರೆ ಒಂದು ಕಟ್ಟಳೆ ತಂದ. ಸೌದೆ, ಎಣ್ಣೆ ಕಡಿಮೆ ಸುಟ್ಟು, ಬೇಸಿಗೆಗೆ ತಂಪಾಗಿ ಚಳಿಗೆ ಬೆಚ್ಚಗಿರುವ ಮನೆಯ ಬಾಗಿಲ ಮೇಲೆ ಐದು ದೀಪದ ಗುರುತು. ಸುಮ್ಮನೆ ಸುಟ್ಟು ಹಾಳುಮಾಡುವ ಮನೆಗೆ ಒಂದು. ಮೂರಕ್ಕಿಂತ ಕಡಿಮೆ ಬಂದವರು ವರ್ಷದೊಳಗೆ ಮನೆ ದುರಸ್ತಿ ಮಾಡಿಸಬೇಕು.

ಮೊದಲು ನೇಮಿಸಿದ ಪರೀಕ್ಷಕ ಯಾರ ಮನೆಯ ಒಳಗೂ ಹೋಗಲಿಲ್ಲ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ. ಮಜ್ಜಿಗೆ ತಣ್ಣಗಿದ್ದರೆ ಮನೆಯೂ ತಂಪು ಅಂತ ಬರೆದುಕೊಂಡ. ಊರಿಗೆ ಊರೇ ಐದು ದೀಪ, ಗುಡ್ಡ ಮಾತ್ರ ಇನ್ನಷ್ಟು ಬೋಳು.

ಪರಪ್ಪಯ್ಯ ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಸಾತಮ್ಮ ಒಲೆ ಊದುತ್ತಾ ಕಣ್ಣೀರು ಸುರಿಸುತ್ತಿದ್ದಳು. ದುಃಖಕ್ಕಲ್ಲ, ಹೊಗೆಗೆ. ಆ ಮನೆಯನ್ನು ಪರಪ್ಪಯ್ಯ ತನ್ನ ಸ್ವಂತ ಬುದ್ಧಿಯಿಂದ ಕಟ್ಟಿಸಿದ್ದ. ಸೂರ್ಯಾಸ್ತ ನೋಡುತ್ತಾ ಪದ್ಯ ಬರೆಯಬೇಕೆಂದು ಪಡುವಣಕ್ಕೆ ಆನೆ ನುಗ್ಗುವಷ್ಟು ದೊಡ್ಡ ಕಿಟಕಿ ಇಡಿಸಿದ್ದ. ಪದ್ಯ ಒಂದೂ ಬರಲಿಲ್ಲ, ಬಿಸಿಲು ದಿನಾ ಬಂತು. ಹೊಗೆಗಂಡಿಯನ್ನು ಗಾಳಿ ಬರುವ ದಿಕ್ಕಿಗೇ ಇಟ್ಟಿದ್ದರಿಂದ ಹೊರಗೆ ಹೋದ ಹೊಗೆ ಮರಳಿ ಮನೆಗೇ ಬರುತ್ತಿತ್ತು.

"ಊರಿಗೆಲ್ಲ ಬುದ್ಧಿ ಹೇಳ್ತೀರಿ. ಹನ್ನೆರಡು ವರ್ಷದಿಂದ ಈ ಮನೆಯ ತಪ್ಪು ಎಣಿಸ್ತಿದ್ದೀನಿ, ಹದಿನೇಳಾಯ್ತು" ಅಂದಳು ಸಾತಮ್ಮ, ದೊರೆಯ ಅಪ್ಪಣೆ ಕೇಳಿ.

ಪರಪ್ಪಯ್ಯನಿಗೆ ಥಟ್ಟನೆ ಹೊಳೆಯಿತು. "ಹಾಗಿದ್ರೆ ಪರೀಕ್ಷಕರ ಪರೀಕ್ಷೆ ನಮ್ಮ ಮನೆಯಲ್ಲೇ ಆಗಲಿ. ಸರಿಯುತ್ತರ ಹೇಗೂ ನಿನಗೆ ಬಾಯಿಪಾಠ."

"ನಿಮ್ಮ ಮಾನ ನೀವೇ ಹರಾಜು ಹಾಕ್ಕೊಳ್ತೀರಾ?"

"ಮಾನ ಹೋದ್ರೆ ಮತ್ತೆ ಸಂಪಾದಿಸಬಹುದು ಕಣೇ. ಸೌದೆ ಒಡೆದು ಸೊಂಟ ಹೋದ್ರೆ ಮುಗೀತು."

ಡಂಗುರ ಸಾರಿಸಿದ ಮೇಲೆ ಮೊದಲು ಬಂದವನು ಶಾಲು ಹೊದ್ದ ಪಂಡಿತ. ಬೀದಿಯಲ್ಲೇ ನಿಂತು, "ಆಸ್ಥಾನದ ಜಾಣರ ಮನೆ ಅಂದ ಮೇಲೆ ನೋಡೋದೇನಿದೆ? ಐದು ದೀಪ" ಅಂದ. ಪರಪ್ಪಯ್ಯ ಉಬ್ಬಿಹೋದ. ಪರೀಕ್ಷೆ ಇಟ್ಟವನು ತಾನೇ ಎಂಬುದನ್ನೂ ಮರೆತು, ಇವನೇ ಸತ್ಯವಂತ ಅಂದುಕೊಂಡುಬಿಟ್ಟ. ಒಳಗಿನಿಂದ ಸಾತಮ್ಮ ಕೆಮ್ಮಿದಳು. ಅದು ಹೊಗೆಯ ಕೆಮ್ಮಲ್ಲ ಅಂತ ಅವನಿಗೆ ಗೊತ್ತಾಯಿತು.

ಎರಡನೆಯವನು ಮನೆಯೆಲ್ಲ ಸುತ್ತಿ ಬಂದು, "ನಾಲ್ಕು ದೀಪ. ನಮ್ಮ ಭಾವನ ಹತ್ತಿರ ಹೆಂಚು ತಗೊಂಡ್ರೆ ಐದನೇದೂ ಹಾಕ್ತೀನಿ" ಅಂದ. ಪರಪ್ಪಯ್ಯ ಯಾವ ಬಣ್ಣದ ಹೆಂಚು ಅಂತ ಕೇಳಿಯೂ ಬಿಟ್ಟ. ಮತ್ತೆ ಕೆಮ್ಮು.

ಕೊನೆಗೆ ಬಂದವಳು ಮಡಕೆ ಸುಡುವ ಆವಿಗೆಯ ಬೆಂಕಿಯಲ್ಲೇ ತಲೆ ನರೆತ ಕುಂಬಾರರ ದುಗ್ಗವ್ವ. ಹೊಗೆಯಾಡುವ ತೆಂಗಿನ ನಾರಿನ ಹಗ್ಗವೊಂದನ್ನು ಹಿಡಿದು ಬಾಗಿಲು, ಕಿಟಕಿ, ಸೂರಿನ ಸಂದಿಗೆಲ್ಲ ಒಡ್ಡಿ, ಹೊಗೆ ಯಾವ ಕಡೆ ಬಾಗುತ್ತದೆ ಅಂತ ನೋಡಿದಳು. ಒಲೆಯ ಬೂದಿ ಕೆದಕಿದಳು. ಮಧ್ಯಾಹ್ನದ ಬಿಸಿಲಲ್ಲಿ ಪಡುವಣ ಗೋಡೆಗೆ ಅಂಗೈ ಇಟ್ಟು ಸರಕ್ಕನೆ ತೆಗೆದಳು.

"ಅರ್ಧ ದೀಪ" ಅಂದಳು. "ಎಲ್ಲರ ಮನೆ ದೋಸೆನೂ ತೂತು ಸ್ವಾಮಿ, ನಿಮ್ಮ ಮನೇಲಿ ಕಾವಲಿನೇ ತೂತು. ಒಟ್ಟು ಹದಿನೆಂಟು ತಪ್ಪು."

ಸಾತಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ನನಗೆ ಹದಿನೇಳೇ ಸಿಕ್ಕಿದ್ದು. ಇನ್ನೊಂದು ಯಾವುದವ್ವ?"

"ಮೇಸ್ತ್ರಿ ಮಾತು ಕೇಳದೆ ಇದನ್ನ ಕಟ್ಟಿಸಿದೋರು. ಅದೊಂದಕ್ಕೆ ದುರಸ್ತಿ ಇಲ್ಲ ತಾಯಿ."

ಪರಪ್ಪಯ್ಯನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮಾರನೆಯ ದಿನ ಅವಳನ್ನೇ ದೊರೆಯ ಮುಂದೆ ನಿಲ್ಲಿಸಿದ.

"ಎಲ್ಲಿ, ನನ್ನ ಅರಮನೆ ನೋಡಿ ಹೇಳು" ಅಂದ ಜಂಪಣ್ಣ ನಾಯಕ ಮೀಸೆ ತಿರುವುತ್ತಾ. ದುಗ್ಗವ್ವ ಹಗ್ಗ ಹಿಡಿದು ಇಡೀ ಅರಮನೆ ಸುತ್ತಿ ಬಂದಳು.

"ಎರಡು ದೀಪ ಬುದ್ಧಿ. ಅವೂ ದಪ್ಪ ಗೋಡೆ ಕಟ್ಟಿಸಿದ ನಿಮ್ಮ ತಾತನವರಿಗೆ. ನೀವು ಸೇರಿಸಿದ ಗಾಜಿನ ಮಂಟಪಕ್ಕೆ ಸೊನ್ನೆ."

ದೊರೆ ಪರಪ್ಪಯ್ಯನ ಕಡೆ ತಿರುಗಿದ. "ಇವಳಿಗೆ ಬುದ್ಧಿ ಹೇಳಿ ಐದು ಹಾಕಿಸು. ಇಲ್ಲದಿದ್ದರೆ ಈಗಲೇ ಕೊಡಲಿ ಎತ್ತಿಕೋ."

ಪರಪ್ಪಯ್ಯ ನಿಜಕ್ಕೂ ಹೆದರಿದ. ಹೆದರಿದಾಗ ಮಾತ್ರ ಅವನ ತಲೆ ಸರಿಯಾಗಿ ಓಡುತ್ತಿತ್ತು.

"ಹಾಕಿಸೋಣ ಮಹಾಸ್ವಾಮಿ. ಆದರೆ ಇವತ್ತು ನಿಮಗೆ ಹೆದರಿ ಐದು ಹಾಕಿದವಳು ನಾಳೆ ನಿಮ್ಮ ಆಸ್ಥಾನದವನು ಅಂತ ನನಗೂ ಐದು ಹಾಕ್ತಾಳೆ."

"ಹಾಕಲಿ. ಅದರಿಂದ ನನಗೇನು ನಷ್ಟ?"

"ನನ್ನ ಬಾಗಿಲ ಮೇಲೆ ಐದು ದೀಪ ನೋಡಿದ ಜನ, ಮನೆ ಅಂದ್ರೆ ಪರಪ್ಪಯ್ಯನ ಹಾಗೆ ಕಟ್ಟಬೇಕು ಅಂತ ನನ್ನ ಹತ್ತಿರವೇ ಸಲಹೆ ಕೇಳೋಕೆ ಬರ್ತಾರೆ. ಬೇಡ ಅನ್ನೋವಷ್ಟು ದೊಡ್ಡ ಬುದ್ಧಿ ನನಗಿಲ್ಲ, ಊರಿಗೆಲ್ಲ ಅಂಥದ್ದೇ ಕಟ್ಟಿಸಿಕೊಡ್ತೀನಿ. ಆಮೇಲೆ ನಿಮ್ಮ ಗುಡ್ಡದಲ್ಲಿ ಹಲ್ಲುಜ್ಜೋಕೂ ಒಂದು ಬೇವಿನ ಕಡ್ಡಿ ಸಿಗಲ್ಲ."

ದೊರೆಯ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ ಕುಲುಕಿತು. ನಕ್ಕೂ ನಕ್ಕೂ ಸುಸ್ತಾಗಿ ದುಗ್ಗವ್ವನಿಗೆ ಪರೀಕ್ಷಕಿಯ ಪಟ್ಟ ಕೊಟ್ಟ, ಅರಮನೆಯ ಹೆಬ್ಬಾಗಿಲಿಗೆ ಎರಡೇ ದೀಪ ಬರೆಸಿದ. ಪರಪ್ಪಯ್ಯನಿಗೆ ಬಹುಮಾನವಾಗಿ ಅರಮನೆಯ ಮೇಸ್ತ್ರಿಯನ್ನೇ ಮನೆ ದುರಸ್ತಿಗೆ ಕಳಿಸಿದ, ಒಂದೇ ಒಂದು ಷರತ್ತಿನ ಮೇಲೆ: ಕೆಲಸ ಮುಗಿಯುವವರೆಗೆ ಮನೆಯ ಯಜಮಾನ ಆ ಕಡೆ ತಲೆ ಹಾಕಬಾರದು.