ಗಿಡ್ಡಿಯ ಹೂವು ನೆಲ ನೋಡುವುದೇಕೆ?

ಲೋಕ ಇನ್ನೂ ಹೊಸದಾಗಿತ್ತು. ಹಿಮಾಲಯದ ಬಂಡೆಗಳ ಮೇಲೆ ಪಾಚಿ ಆಗಷ್ಟೇ ಕೂತಿತ್ತು. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ದೇವದಾರು ಮರಗಳ ದಟ್ಟ ನೆರಳಿನಲ್ಲಿ ಒಂದು ಪುಟ್ಟ ಗಿಡವಿತ್ತು. ಎತ್ತರ ಗೇಣುದ್ದವೂ ಇಲ್ಲ. ಎಲ್ಲರೂ ಅವಳನ್ನು ಗಿಡ್ಡಿ ಎನ್ನುತ್ತಿದ್ದರು.

ಆ ಕಾಡಿನಲ್ಲಿ ಒಂದು ಕಟ್ಟಳೆಯಿತ್ತು. ಚಳಿಗಾಲದ ಮೊದಲ ಗಾಳಿ ಬೀಸಿದ ಕೂಡಲೇ ಸಣ್ಣ ಗಿಡಗಳೆಲ್ಲ ತಮ್ಮ ಎಲೆಗಳನ್ನು ಕಳಚಿ ಹಿರಿಯ ದೇವದಾರುವಿನ ಬುಡದಲ್ಲಿ ಇಡಬೇಕು. ಹಸಿರುಟ್ಟು ಚಳಿಗಾಲ ಕಳೆಯುವ ಹಕ್ಕು ಎತ್ತರದವರಿಗೆ ಮಾತ್ರ.

ಬಡಗಣ ಗಾಳಿ ಬಂತು. ಜರೀಗಿಡ ಎಲೆ ಇಟ್ಟಿತು. ಕಾಡುಗುಲಾಬಿ ಎಲೆ ಇಟ್ಟಿತು. ಗಿಡ್ಡಿ ಇಡಲಿಲ್ಲ.

“ಏನಮ್ಮ, ನಿನಗೆ ಬೇರೆ ಹೇಳಬೇಕೋ?” ಎಂದಿತು ದೇವದಾರು.

“ಅವರಿಗೆಲ್ಲ ಕಾಡಂಚಿನ ಬಿಸಿಲಿದೆ, ವಸಂತದಲ್ಲಿ ಹೊಸ ಎಲೆ ಬರುತ್ತದೆ. ನಾನಿರುವುದು ನಿಮ್ಮ ನೆರಳಿನಲ್ಲಿ. ಒಂದೊಂದು ಎಲೆಗೂ ಎಷ್ಟು ಕಾಲ ಕಾದಿದ್ದೇನೆ ಗೊತ್ತೇ? ಇವನ್ನು ಕೊಟ್ಟರೆ ಸಾಯುತ್ತೇನೆ. ಕೊಡುವುದಿಲ್ಲ.”

ಜರೀಗಿಡ ಕಿಸಕ್ಕೆಂದಿತು. “ಅಯ್ಯೋ, ಇವಳ ಜಂಬ ನೋಡಿರೇ! ನನ್ನ ಮೊಣಕಾಲಿಗೂ ಬರುವುದಿಲ್ಲ!”

“ನಿನಗೆ ಮೊಣಕಾಲೆಲ್ಲಿದೆ, ಅಕ್ಕ?” ಎಂದಳು ಗಿಡ್ಡಿ.

ದೇವದಾರುವಿನ ಸಿಟ್ಟು ನೆತ್ತಿಗೇರಿತು. “ಗಾಳೀ, ಕಿತ್ತುಕೋ!”

ಗಾಳಿ ಅವಳನ್ನು ಹಿಡಿದು ಜಗ್ಗಿತು. “ಬಿಡುತ್ತೀಯಾ?”

“ಬಿಡುವುದಿಲ್ಲ.”

ಗಾಳಿ ಮಂಜುಗಡ್ಡೆಯ ಉಗುರು ತೊಟ್ಟು ಬಂತು. ಒಂದೊಂದು ಎಲೆಯನ್ನೂ ನಟ್ಟನಡುವೆ ಗೀರಿತು. ಎಲೆಯುದ್ದಕ್ಕೂ ಬಿಳಿ ಗಾಯ ಬಿತ್ತು. ಗಿಡ್ಡಿಗೆ ಉರಿಯಿತು, ಬಹಳ ಉರಿಯಿತು.

“ಈಗ ಬಿಡುತ್ತೀಯಾ?”

“ಈಗಲೂ ಬಿಡುವುದಿಲ್ಲ.”

ಗಾಳಿ ಅವಳ ಮೇಲೆ ಹಿಮ ಸುರಿದು ಹೊರಟುಹೋಯಿತು. ಹಿಮದಡಿಯಲ್ಲಿ ಬೆಳಕಿಲ್ಲ. ಎಲೆಗಳಿದ್ದವು, ಆದರೆ ಊಟವಿಲ್ಲ. ಗಿಡ್ಡಿ ಸೊರಗುತ್ತ ಬಂದಳು.

“ಏ ತಂಗಿ, ಹಸಿವೇ?” ಎಂದು ಯಾರೋ ಕೆಳಗಿನಿಂದ ಕೇಳಿದರು. ಅವು ಮಣ್ಣಿನೊಳಗಿನ ಅಣಬೆಯ ಬಿಳಿ ನೂಲುಗಳು. ಕೂದಲಿಗಿಂತ ತೆಳು, ಕಾಡಿನಲ್ಲಿ ಯಾರೂ ಅವನ್ನು ಮಾತಾಡಿಸುತ್ತಿರಲಿಲ್ಲ.

“ನಿಮಗೂ ಎಲೆ ಕೊಡಬೇಕೇ?” ಗಿಡ್ಡಿ ಬಿಗುವಾಗಿ ಕೇಳಿದಳು.

“ನಿನ್ನ ಎಲೆ ಕಟ್ಟಿಕೊಂಡು ನಮಗೇನು? ಬಾಯ್ಮುಚ್ಚಿಕೊಂಡು ಉಣ್ಣು!”

ಬಾಯ್ಮುಚ್ಚಿಕೊಂಡು ಉಣ್ಣುವುದು ಹೇಗೆಂದು ಗಿಡ್ಡಿ ಕೇಳಲಿಲ್ಲ. ಬೇರಿನಿಂದ ಬೇರಿಗೆ ನೂಲುಗಳು ತುತ್ತು ಸಾಗಿಸಿದವು. ಅವಳು ಉಂಡಳು, ಬದುಕಿದಳು.

ಹಿಮ ಕರಗಿದಾಗ ಕಾಡಿನ ನೆಲವೆಲ್ಲ ಬರಿದಾಗಿತ್ತು. ನೆರಳಿನಲ್ಲಿ ಗಿಡ್ಡಿಯೊಬ್ಬಳೇ ಹಸಿರಾಗಿ ನಿಂತಿದ್ದಳು. ಬೇಸಿಗೆಯ ಹೊತ್ತಿಗೆ ಒಂದು ಮೊಗ್ಗೂ ಬಂತು.

ದೇವದಾರು ಗಂಟಲು ಸರಿಮಾಡಿಕೊಂಡಿತು. “ಹೋಗಲಿ, ನಾನೇ ದೊಡ್ಡ ಮನಸ್ಸು ಮಾಡಿ ನಿನ್ನನ್ನು ಬಿಟ್ಟೆ ಎಂದುಕೋ. ಹೂವಿನ ಮುಖ ಮೇಲೆತ್ತಿ ಎಲ್ಲರೆದುರು ನನಗೊಂದು ನಮಸ್ಕಾರ ಹೇಳು.”

ಗಿಡ್ಡಿ ದಂಟನ್ನು ಬಾಗಿಸಿ, ನೆಲದ ಕಡೆಗೆ ಮುಖಮಾಡಿ ತನ್ನ ಬಿಳಿ ಹೂವನ್ನು ಅರಳಿಸಿದಳು.

“ನನಗೆ ಉಣ್ಣಲಿಟ್ಟವರು ಕೆಳಗಿದ್ದಾರೆ. ನನ್ನ ನಮಸ್ಕಾರ ಅವರಿಗೆ.”

ದೇವದಾರು ಗುಡುಗಿತು, ಕೊಂಬೆ ಒದರಿತು, ಕಾಯಿ ಉದುರಿಸಿತು. ಹೂವು ಮೇಲೆ ನೋಡಲಿಲ್ಲ.

ಆದ್ದರಿಂದ ಮಕ್ಕಳೇ, ಇಂದಿಗೂ ದೇವದಾರುವಿನ ನೆರಳಿನಲ್ಲಿ, ನಡುವೆ ಬಿಳಿ ಗೀರಿರುವ ದಪ್ಪ ಹಸಿರೆಲೆಗಳು ಹಿಮದಡಿಯಲ್ಲಿ ಕಂಡರೆ, ಬೇಸಿಗೆಯಲ್ಲಿ ಅದೇ ಗಿಡದ ಹೂವು ನೆಲ ನೋಡುತ್ತಿದ್ದರೆ, ಅದು ಗಿಡ್ಡಿಯೇ. ನಾಚಿಕೆಯಿಂದ ತಲೆತಗ್ಗಿಸಿದ್ದಾಳೆ ಎಂದು ಮಾತ್ರ ಹೇಳಬೇಡಿ.