ಮಂಕಾಳುವಿನ ಕಡ್ಡಿಕಟ್ಟು

ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವಲ್ಲಿ, ಒಂದು ಊರಿತ್ತಂತೆ. ಗದ್ದೆಗೂ ಉಪ್ಪುನೀರಿಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿಗೊಂದು ಮರದ ಬಾಗಿಲು. ಅದಕ್ಕೆ ಜಂತ್ರಡಿ ಅನ್ನುತ್ತಿದ್ದರು. ಸಮಯವಲ್ಲದ ಸಮಯದಲ್ಲಿ ಅದು ತೆರೆದರೆ ಆ ವರ್ಷದ ಭತ್ತ ಹೋಯಿತು ಅಂತಲೇ ಲೆಕ್ಕ. ಅದನ್ನು ನೋಡಿಕೊಳ್ಳುತ್ತಿದ್ದವನು ಮಂಕಾಳು.

ಮಂಕಾಳು ಯಾರನ್ನೂ ನಂಬುತ್ತಿರಲಿಲ್ಲವಂತೆ. ನೀರನ್ನಂತೂ ಇಲ್ಲವೇ ಇಲ್ಲ. ದಿನಾ ಸಂಜೆ ಬಾಗಿಲಿನ ಒಳಗೆ, ಗದ್ದೆ ಬದಿಯ ಕಂಬದ ಬಳಿ ಇಳಿಯುತ್ತಿದ್ದ. ಕಂಬಕ್ಕೆ ಹಸಿ ಕೆಸರು ಎಲ್ಲಿವರೆಗೆ ಹತ್ತಿದೆಯೋ ಅಷ್ಟುದ್ದಕ್ಕೆ ಒಂದು ತೆಂಗಿನ ಕಡ್ಡಿ ಮುರಿಯುತ್ತಿದ್ದ; ಅದು ಆ ದಿನದ ಏರಿಕೆ. ನಿಂತ ನೀರಿನಷ್ಟುದ್ದಕ್ಕೆ ಇನ್ನೊಂದು; ಅದು ಇಳಿತ. ಭಾನುವಾರದ ಕಡ್ಡಿಗೆ ಒಂದು ಗೀರು, ಸೋಮವಾರಕ್ಕೆ ಎರಡು, ಶನಿವಾರಕ್ಕೆ ಏಳು. ತಿಂಗಳಿಗೊಂದು ಕಟ್ಟು. ಗುಡಿಸಲಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ.

ಊರಿನ ಯಜಮಾನ ದಾಸಣ್ಣ ಒಂದು ದಿನ ಬಂದ. "ಏನೋ ಮಂಕಾಳು, ಪೊರಕೆ ವ್ಯಾಪಾರ ಶುರು ಮಾಡಿದ್ಯಾ? ತಿಂಗಳಿಗೆ ಏರಿಕೆ ಇಳಿತದ ನಡುಮಟ್ಟದ್ದು ಒಂದು ಕಡ್ಡಿ ಸಾಕು. ಉಳಿದದ್ದು ಒಲೆಗೆ ಹಾಕು" ಅಂದ. ಊರಿಗೂ ಸರಿ ಅನಿಸಿತು. ಮಂಕಾಳುವಿಗೆ ಮಾತ್ರ ಅನುಮಾನ. ನನ್ನ ಕಡ್ಡಿಯ ಚಿಂತೆ ಇವನಿಗೇಕೆ? ತಿಂಗಳಿಗೊಂದು ನಡುಮಟ್ಟದ ಕಡ್ಡಿ ಕೊಟ್ಟ. ಕಟ್ಟುಗಳನ್ನು ಅಟ್ಟದಲ್ಲಿ ಅಡಗಿಸಿಟ್ಟ.

ಅದಾದ ಮರುವರ್ಷ ಪೈರಿನ ತುದಿ ಕೆಂಪಾಯಿತಂತೆ. ಬಾಯಿಗಿಟ್ಟರೆ ಉಪ್ಪು. ಊರು ಕೂಡಿತು. ದಾಸಣ್ಣ ನಡುಮಟ್ಟದ ಕಡ್ಡಿಗಳನ್ನು ಹೋದ ವರ್ಷದವುಗಳ ಪಕ್ಕ ಇಟ್ಟು ತೋರಿಸಿದ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಕಡ್ಡಿ ಸರಿ ಅನ್ನುತ್ತದೆ, ಗದ್ದೆ ಉಪ್ಪು ಅನ್ನುತ್ತದೆ. ಅಂದಮೇಲೆ ಇವನು ಬಾಗಿಲ ಕಡೆ ಹೋಗದೆ ಮನೆಯಲ್ಲೇ ಕೂತು ಕಡ್ಡಿ ಮುರಿದಿದ್ದಾನೆ ಅಂದ. ಮಂಕಾಳು ಹೆಂಡತಿ ಮಕ್ಕಳೊಂದಿಗೆ ಊರು ಬಿಡಬೇಕು ಅಂತ ತೀರ್ಮಾನವಾಯಿತಂತೆ.

ಮಂಕಾಳು ಗುಡಿಸಲಿಗೆ ಹೋದ. ಅಟ್ಟದಿಂದ ಎರಡೂ ವರ್ಷದ ಕಟ್ಟುಗಳನ್ನು ತಂದ. ಒಂದು ಕಟ್ಟನ್ನು ಕಲ್ಲಿನ ಮೇಲೆ ಕುಟ್ಟಿ ಬುಡ ಸಮ ಮಾಡಿ, ಮೇಲೆ ಅಂಗೈ ಇಳಿಸಿದ. ಮೊದಲು ಚುಚ್ಚಿದ್ದು ಎಲ್ಲಕ್ಕಿಂತ ಉದ್ದದ್ದು. ಅದನ್ನು ಎಳೆದಿಟ್ಟ. ಮತ್ತೆ ಚುಚ್ಚಿದ್ದನ್ನು ಎಳೆದ, ಮತ್ತೆ ಎಳೆದ. ಕೊನೆಗೆ ಕೈಯಲ್ಲಿ ಉಳಿದದ್ದು ಎಲ್ಲಕ್ಕಿಂತ ಗಿಡ್ಡದ್ದು. ಹೀಗೇ ಎಲ್ಲ ಕಟ್ಟನ್ನೂ ಬಿಡಿಸಿದ. ಹೋದ ವರ್ಷಕ್ಕಿಂತ ಈ ವರ್ಷ ಉದ್ದದ್ದು ಒಂದು ಗೇಣು ಹೆಚ್ಚು. ಗಿಡ್ಡದ್ದು ಒಂದು ಗೇಣು ಕಡಿಮೆ. ನಡು ಮಾತ್ರ ಅಲ್ಲೇ.

"ಹುಣ್ಣಿಮೆ ನೀರು ಮಾರಾಯ, ಅದು ಏರ್ತದೆ, ಇಳೀತದೆ" ಅಂದ ದಾಸಣ್ಣ.

ಮಂಕಾಳು ಗೀರು ಎಣಿಸಲು ಹೇಳಿದ. ಈ ವರ್ಷ ಎಳೆದಿಟ್ಟ ಉದ್ದದ್ದು, ಗಿಡ್ಡದ್ದು ಪ್ರತಿಯೊಂದಕ್ಕೂ ನಾಲ್ಕು.

"ಹುಣ್ಣಿಮೆ ತಿಂಗಳು ತಿಂಗಳೂ ಬುಧವಾರವೇ ಬರ್ತದಾ ದಾಸಣ್ಣ?"

ಆಗ ಊರಿಗೆ ಹೊಳೆಯಿತಂತೆ. ಗುರುವಾರ ಸಂತೆ. ಸಂತೆಯಲ್ಲಿ ಬುಟ್ಟಿಗಟ್ಟಲೆ ಸೀಗಡಿ ಮಾರುತ್ತಿದ್ದದ್ದು ದಾಸಣ್ಣನ ಮನೆಯವರು. ಬುಧವಾರ ಮಂಕಾಳು ಇಲ್ಲದ ಹೊತ್ತು ನೋಡಿ, ನೀರು ಏರಿದಾಗ ಬಾಗಿಲು ತೆರೆದು ಸೀಗಡಿ ಒಳಗೆ ಬಿಟ್ಟುಕೊಳ್ಳುವುದು, ಇಳಿದಾಗ ಬಾಯಿಗೆ ಬಲೆ ಒಡ್ಡಿ ಗದ್ದೆಯನ್ನೇ ಬಸಿಯುವುದು. ಯಜಮಾನಿಕೆ ಅಂದೇ ಹೋಯಿತು.

ಇನ್ನು ಬಾಗಿಲಿನ ಪೂರ್ತಿ ಅಧಿಕಾರ ನಿನಗೊಬ್ಬನಿಗೇ ಅಂದಿತಂತೆ ಊರು. ಮಂಕಾಳು ಒಪ್ಪಲಿಲ್ಲ. ನಿನ್ನೆ ಅವನನ್ನು ನಂಬಿ ಕೆಟ್ಟಿರಿ, ಇವತ್ತು ನನ್ನನ್ನು ನಂಬಬೇಡಿ ಅಂದನಂತೆ.

ಈಗಲೂ ಆ ಊರಲ್ಲಿ ಜಂತ್ರಡಿ ತೆರೆಯಲು ಇಬ್ಬರು ಹೋಗುತ್ತಾರೆ. ಒಬ್ಬರಿಗೊಬ್ಬರು ಮಾತು ಬಿಟ್ಟ ಮನೆಗಳಿಂದ ಒಬ್ಬೊಬ್ಬರು. ಅವರು ರಾಜಿಯಾದ ಸುದ್ದಿ ಬಂದರೆ, ಮರುದಿನವೇ ಒಬ್ಬನನ್ನು ಬದಲಿಸುತ್ತಾರೆ.